90 ಹುಡುಗಿಯರ ಪುಟ್ಟ ಬೋರ್ಡಿಂಗ್ ಸ್ಕೂಲು, ಮಗಳೇ ಹೋಗ್ತೀನಿ ಅಂತಿದ್ದಾಳೆ. ಸೇರಿಸೋ ಮುಂಚೆ ಏನೇನು ನೋಡ್ಬೇಕು?

ರಾಜಾಜಿನಗರ ಅಮ್ಮ
ನಮಸ್ಕಾರ ಎಲ್ರಿಗೂ. ಸ್ವಲ್ಪ ಉದ್ದ ಆಗಿದೆ, ಬೈಕೋಬೇಡಿ. ಮಗಳು ಏಳನೇ ಕ್ಲಾಸ್ ಮುಗಿಸ್ತಿದ್ದಾಳೆ. ನಾನು ಲ್ಯಾಬ್ ಟೆಕ್ನಿಷಿಯನ್, ವಾರ ಬಿಟ್ಟು ವಾರ ಸೆಕೆಂಡ್ ಶಿಫ್ಟು, ಮನೆ ಸೇರೋದು ರಾತ್ರಿ ಹತ್ತೂವರೆ. ಯಜಮಾನ್ರಿಗೆ ಹೊಸಪೇಟೆಗೆ ಟ್ರಾನ್ಸ್‌ಫರ್ ಆಗಿ ಒಂದೂವರೆ ವರ್ಷ ಆಯ್ತು. ಇಷ್ಟು ದಿನ ಅತ್ತೆ ಜೊತೇಲಿದ್ರು, ದೀಪಾವಳಿ ಟೈಮಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರ್ಕೊಂಡು ಈಗ ಹಾಸನದಲ್ಲಿ ನಾದಿನಿ ಮನೇಲಿದ್ದಾರೆ. ಹಾಗಾಗಿ ಸ್ಕೂಲ್ ಬಿಟ್ಮೇಲೆ ನಾನು ಬರೋವರೆಗೂ ಮಗು ಒಬ್ಳೇ. ಟಿವಿ, ಮತ್ತೆ ಮೇಲ್ಗಡೆ ಮನೆ ಆಂಟಿ ಆಗಾಗ ಬಂದು ಇಣುಕಿ ನೋಡೋದು, ಅಷ್ಟೇ.

ಈಗ ಅವಳೇ ಶುರು ಮಾಡ್ಕೊಂಡಿದ್ದಾಳೆ, ನನ್ನ ಬೋರ್ಡಿಂಗ್ ಸ್ಕೂಲಿಗೆ ಹಾಕು ಅಂತ. ಫ್ರೆಂಡ್ ಒಬ್ಳ ಅಕ್ಕ ಕನಕಪುರ ರೋಡಲ್ಲಿ ಕಗ್ಗಲೀಪುರ ದಾಟಿ ಒಳಗಡೆ ಒಂದು ಪ್ರೈವೇಟ್ ಗರ್ಲ್ಸ್ ಹೈಸ್ಕೂಲಲ್ಲಿ ಓದ್ತಿದ್ದಾಳೆ. ಎಂಟು ಒಂಬತ್ತು ಹತ್ತು ಮಾತ್ರ, ಒಟ್ಟು 90 ಹುಡುಗಿಯರು, ಎಲ್ರೂ ಅಲ್ಲೇ ಉಳ್ಕೊಳೋರು. ಸ್ಟೇಟ್ ಸಿಲಬಸ್ಸು, ಇಂಗ್ಲಿಷ್ ಮೀಡಿಯಂ. ಊಟ ಹಾಸ್ಟೆಲ್ಲು ಎಲ್ಲಾ ಸೇರಿ ವರ್ಷಕ್ಕೆ 2 ಲಕ್ಷ 10 ಸಾವಿರ. ಹೋದ ಭಾನುವಾರ ಹೋಗಿ ನೋಡ್ಕೊಂಡು ಬಂದ್ವಿ. ತೆಂಗಿನ ತೋಟದ ಮಧ್ಯೆ ಎರಡಂತಸ್ತಿನ ಬಿಲ್ಡಿಂಗು, ಕ್ಲೀನಾಗಿತ್ತು. ಪ್ರಿನ್ಸಿಪಾಲ್ ಮೇಡಂ ಕಾಫಿ ಕೊಟ್ಟು 'ನಮ್ದು ಸ್ಕೂಲ್ ಅಲ್ಲಮ್ಮ, ಮನೆ' ಅಂದ್ರು. ಆ ಮಾತು ಕೇಳಿದ್ಮೇಲೇ ನಂಗ್ಯಾಕೋ ಕಸಿವಿಸಿ. ಮನೇನೇ ಆದ್ರೆ ನನ್ ಮನೇನೇ ಇತ್ತಲ್ಲ! ಇಂಥ ಕಡೆ ಓದಿರೋರು, ಮಕ್ಕಳನ್ನ ಓದಿಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ.

ಖಾರಾಬಾತ್
ಬೇಡ ರೀ.

ಪದ್ಮನಾಭನಗರ 2ನೇ ಕ್ರಾಸ್
ಖಾರಾಬಾತ್ ಅವ್ರೆ, ಬೇಡ ಅಂದ್ರೆ ಯಾಕೆ ಬೇಡ ಅಂತಾನಾದ್ರೂ ಹೇಳಿ. ಬಸ್ ಕಂಡಕ್ಟರ್ ತರ ಟಿಕೆಟ್ ಹರಿದು ಕೊಟ್ಟು ಹೋದ್ರೆ ಹೇಗೆ.

ಖಾರಾಬಾತ್
ಹದಿಮೂರು ವರ್ಷದ ಹೆಣ್ಣು ಮಗು ಸಾರ್. ತಾಯಿ ಜೊತೆ ಇರ್ಬೇಕಾದ ವಯಸ್ಸು. ಕೆಲಸ ಬೇಕಾದ್ರೆ ಬದಲಾಯಿಸ್ಬಹುದು.

ಪದ್ಮನಾಭನಗರ 2ನೇ ಕ್ರಾಸ್
ತಂದೆ ಹೊಸಪೇಟೇಲಿದ್ದಾರೆ ಅಂತಾನೂ ಬರ್ದಿದ್ದಾರೆ, ಅದು ಕಣ್ಣಿಗೆ ಬೀಳ್ಲಿಲ್ವಾ? ಅವ್ರ ಕೆಲಸ ಬದಲಾಯಿಸಿ ಅಂತ ಒಬ್ರೂ ಹೇಳಲ್ಲ ನೋಡಿ.

ಹಳೇ ಹಾಸ್ಟೆಲ್ ಹುಡುಗಿ
ನಾನು ಓದಿದ್ದು ಇಂಥದ್ದೇ ಒಂದು ಕಡೆ ಅಕ್ಕ, ತುಮಕೂರು ಕಡೆ, ಹೆಸರು ಬೇಡ. ನಮ್ಮ ಬ್ಯಾಚಲ್ಲಿ 28 ಜನ. ಒಳ್ಳೇದು ಮೊದ್ಲು ಹೇಳ್ತೀನಿ, ಆ 28 ಜನದಲ್ಲಿ ಹನ್ನೊಂದು ಜನ ನನ್ನ ಮದುವೇಗೆ ಬಂದು ಹಿಂದಿನ ರಾತ್ರಿಯೆಲ್ಲಾ ಚಪ್ಪರದ ಕೆಳಗೆ ಕೂತು ಹರಟೆ ಹೊಡೆದು ನಮ್ಮತ್ತೆ ಮನೆಯೋರ ನಿದ್ದೆ ಕೆಡಿಸಿದ್ರು. ಬಟ್ಟೆ ಒಗೆಯೋದು, ದುಡ್ಡಿನ ಲೆಕ್ಕ ಇಡೋದು, ಹುಷಾರಿಲ್ದೇ ಇರೋಳ ತಟ್ಟೆ ತೊಳೆಯೋದು ಎಲ್ಲಾ ಅಲ್ಲೇ ಕಲ್ತಿದ್ದು.

ಕೆಟ್ಟದ್ದು ಅಂದ್ರೆ ಚಿಕ್ಕ ಸ್ಕೂಲಲ್ಲಿ ತಪ್ಪಿಸ್ಕೊಳಕ್ಕೆ ಜಾಗ ಇರಲ್ಲ. ದೊಡ್ಡ ಸ್ಕೂಲಲ್ಲಿ ಒಂದು ಗ್ಯಾಂಗು ಟೂ ಬಿಟ್ರೆ ಇನ್ನೊಂದು ಗ್ಯಾಂಗಿಗೆ ಸೇರ್ಕೋಬಹುದು, 28 ಜನ ಇರೋ ಕಡೆ ಟೂ ಬಿಟ್ರೆ ಮುಗೀತು, ಊಟಕ್ಕೂ ಅವ್ರೇ, ಓದಕ್ಕೂ ಅವ್ರೇ, ಪಕ್ಕದ ಮಂಚದಲ್ಲೂ ಅವ್ರೇ.

ಇನ್ನೊಂದು ವಿಷಯ ಫೋನು. ನಮಗೆ ಭಾನುವಾರ ಐದು ನಿಮಿಷ, ಆಫೀಸಲ್ಲಿ, ವಾರ್ಡನ್ ಪಕ್ಕದಲ್ಲೇ ಮೊರ ಇಟ್ಕೊಂಡು ಸೊಪ್ಪು ಬಿಡಿಸ್ತಾ ಕೂತಿರೋರು, ಕಿವಿ ಮಾತ್ರ ನಮ್ಮ ಕಡೆ. ಅದಕ್ಕೇ ಅಮ್ಮನ ಜೊತೆ ಒಂದು ಕೋಡ್ ಮಾಡ್ಕೊಂಡಿದ್ದೆ. 'ದಾಸವಾಳ ಹೂ ಬಿಟ್ಟಿದ್ಯಾ' ಅಂತ ಕೇಳಿದ್ರೆ ತಕ್ಷಣ ಬಂದು ಕರ್ಕೊಂಡು ಹೋಗು ಅಂತ ಅರ್ಥ. ಒಂದೂವರೆ ವರ್ಷ ಬೇಕೇ ಆಗ್ಲಿಲ್ಲ. ಒಂಬತ್ತನೇ ಕ್ಲಾಸಲ್ಲಿ ಒಂದ್ಸಲ ಕೇಳ್ದೆ. ಅಮ್ಮ ಮರ್ತೇಬಿಟ್ಟಿದ್ರು! 'ಬಿಟ್ಟಿದೆ ಕಣೇ, ದಿನಾ ಆರೇಳು ಹೂವು, ಪಕ್ಕದ್ಮನೆಯೋರು ಬೆಳಗಾಗೋಷ್ಟ್ರಲ್ಲಿ ಪೂಜೆಗೆ ಕಿತ್ಕೊಂಡು ಹೋಗ್ತಾರೆ' ಅಂತ ಐದು ನಿಮಿಷವೂ ಹೂವಿನ ಪುರಾಣ. ನಾನು ಇನ್ನೊಂದ್ಸಲ ಕೇಳ್ದೆ. 'ಅಯ್ಯೋ ಹೇಳಿದ್ನಲ್ಲೇ' ಅಂದ್ರು. ಫೋನ್ ಇಟ್ಟೆ. ರಾತ್ರಿ ಹನ್ನೊಂದಕ್ಕೆ ಅಮ್ಮಂಗೆ ನೆನಪಾಗಿದೆ. ಬೆಳಗ್ಗೆ ಮೊದಲ್ನೇ ಬಸ್ಸಿಗೆ ಬಂದು ಗೇಟ್ ಹತ್ರ ನಿಂತಿದ್ರು, ಕೈಲಿ ಪ್ಲಾಸ್ಟಿಕ್ ಕವರು, ಕವರಲ್ಲಿ ನಾಲ್ಕು ದಾಸವಾಳ.

ಉಡುಪಿಯಿಂದ ಬಿಟಿಎಂಗೆ
ಅಯ್ಯೋ ದೇವರೇ, ಓದಿ ನಗುವುದಾ ಅಳುವುದಾ ಗೊತ್ತಾಗ್ತಾ ಇಲ್ಲ ಮಾರಾಯ್ರೆ.

ರಿಟೈರ್ಡ್ ಮೇಷ್ಟ್ರು
ತಾಯಿ, ನಾನು 31 ವರ್ಷ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟವನು, ಅದರಲ್ಲಿ ಕೊನೇ ನಾಲ್ಕು ವರ್ಷ ಒಂದು ಖಾಸಗಿ ವಸತಿ ಶಾಲೆ. ಎರಡು ವಿಷಯ ಹೇಳ್ತೀನಿ.

ಮೊದಲನೇದು, ಸ್ಕೂಲಿನ ಯುಡೈಸ್ ನಂಬರ್ ಕೇಳಿ, ಅಂದ್ರೆ ಸರ್ಕಾರದ ಲೆಕ್ಕದಲ್ಲಿ ಆ ಸ್ಕೂಲಿನ ಗುರುತಿನ ಸಂಖ್ಯೆ. 11 ಅಂಕಿ ಇರತ್ತೆ, ನಮ್ಮ ರಾಜ್ಯದ್ದಾದ್ರೆ 29ರಿಂದ ಶುರುವಾಗತ್ತೆ. ಕೊಡಕ್ಕೆ ಮೀನಮೇಷ ಎಣಿಸಿದ್ರೆ ಅಲ್ಲೇ ಎದ್ದು ಬನ್ನಿ. ಎಂಟನೇ ಕ್ಲಾಸಿಗಷ್ಟೇ ಪರ್ಮಿಷನ್ ಇಟ್ಕೊಂಡು ಒಂಬತ್ತು ಹತ್ತನ್ನ ಹಾಗೇ ನಡೆಸಿ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಮಕ್ಕಳನ್ನ ಬೇರೆ ಯಾವ್ದೋ ಸ್ಕೂಲಿನ ಹೆಸರಲ್ಲಿ ಕೂರಿಸೋರು ಇದ್ದಾರೆ. ಮಗು ಮೂರು ವರ್ಷ ಓದಿದ್ದು ಒಂದು ಕಡೆ, ಮಾರ್ಕ್ಸ್ ಕಾರ್ಡಲ್ಲಿ ಜನ್ಮದಲ್ಲಿ ನೋಡಿರದ ಇನ್ನೊಂದು ಸ್ಕೂಲು. ಹೋದ ವರ್ಷದ ಒಂದು ಹಾಲ್ ಟಿಕೆಟ್ ತೋರಿಸಿ ಅನ್ನಿ, ಸಾಕು.

ಎರಡನೇದು 'ನೂರಕ್ಕೆ ನೂರು ರಿಸಲ್ಟ್' ಅನ್ನೋ ಬ್ಯಾನರು. ಅದನ್ನ ನಂಬಬೇಡಿ ಅನ್ನಲ್ಲ, ಲೆಕ್ಕ ಕೇಳಿ. ಹೋದ ವರ್ಷ ಒಂಬತ್ತರಲ್ಲಿ ಎಷ್ಟು ಜನ ಇದ್ರು, ಈ ವರ್ಷ ಹತ್ತರಲ್ಲಿ ಎಷ್ಟು ಜನ ಇದ್ದಾರೆ. ನಡುವೆ ಆರೇಳು ಮಕ್ಕಳು ಎಲ್ಲಿ ಹೋದ್ರು? ಗಣಿತದಲ್ಲಿ ಹಿಂದೆ ಇರೋ ಮಗೂನ ಒಂಬತ್ತರ ಕೊನೇಲಿ 'ಟಿಸಿ ತಗೊಂಡು ಹೋಗಿ' ಅಂತ ನಯವಾಗಿ ಹೇಳಿ ಕಳಿಸೋದು, ಇಲ್ಲಾಂದ್ರೆ ಖಾಸಗಿ ಅಭ್ಯರ್ಥಿ ಅಂತ ಕಟ್ಟಿಸೋದು, ಇವೆಲ್ಲಾ ನನ್ನ ಕಣ್ಣೆದುರಿಗೇ ನಡೆದಿದೆ. ಒಂದು ಹುಡುಗಿಗೆ ನಾನೇ ಪ್ರೊಗ್ರೆಸ್ ಕಾರ್ಡ್ ಬರ್ದು ಕೊಟ್ಟು ಕಳಿಸಿದ್ದೆ, ಅದು ಇನ್ನೂ ನನ್ನ ಮನಸ್ಸಿಂದ ಹೋಗಿಲ್ಲ.

ಪದ್ಮನಾಭನಗರ 2ನೇ ಕ್ರಾಸ್
ಸಾರ್, ಆದ್ರೆ ಆರ್‌ಟಿಇ, ಅದೇ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಸ್ಕೂಲಿಂದ ತೆಗೆಯೋ ಹಾಗೇ ಇಲ್ವಲ್ಲ?

ರಿಟೈರ್ಡ್ ಮೇಷ್ಟ್ರು
2009ರ ಆ ಕಾಯ್ದೆ ಇರೋದು 6ರಿಂದ 14 ವರ್ಷದವರಿಗೆ, ಎಂಟನೇ ಕ್ಲಾಸಿನ ತನಕ. ಒಂಬತ್ತಕ್ಕೆ ಕಾಲಿಟ್ಟ ಮೇಲೆ ಆ ಕೊಡೆ ಇಲ್ಲ ಸ್ವಾಮಿ. ಹೈಸ್ಕೂಲ್ ಮಾತ್ರ ನಡೆಸೋರಿಗೆ ಇದು ಚೆನ್ನಾಗೇ ಗೊತ್ತು.

ಧಾರವಾಡ ಪೇಡೆ
ಅಲ್ರೀ ಅಕ್ಕಾರ, ಎರಡು ಲಕ್ಷ ಯಾಕ ಸುರೀತೀರಿ? ಸರಕಾರದ್ದ ಅವ ಅಲ್ರಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲಿ. ಮತ್ತ ನವೋದಯ ಐತಿ. ನಮ್ಮ ಅಕ್ಕನ ಮಗಳು ನವೋದಯದಾಗ ಓದಿ ಈಗ ಎಂಜಿನಿಯರ್ ಆಗ್ಯಾಳ, ಒಂದು ರೂಪಾಯಿ ಖರ್ಚಾಗಿಲ್ಲ.

ಯಲಹಂಕ ಓಲ್ಡ್ ಟೌನ್
ಪೇಡೆ ಅವ್ರೆ, ಎರಡಕ್ಕೂ ಪರೀಕ್ಷೆ ಬರ್ದು ಸೇರೋದು ಆರನೇ ಕ್ಲಾಸಿಗೆ. ಈ ಮಗು ಏಳು ಮುಗಿಸ್ತಿದೆ. ನವೋದಯದಲ್ಲಿ ಖಾಲಿ ಸೀಟಿದ್ರೆ ಒಂಬತ್ತಕ್ಕೆ ಇನ್ನೊಂದು ಎಂಟ್ರೆನ್ಸ್ ಇರತ್ತೆ, ಎಂಟನೇ ಕ್ಲಾಸಲ್ಲಿದ್ದಾಗ ಅರ್ಜಿ ಹಾಕ್ಬೇಕು, ಅದೂ ಅದೇ ಜಿಲ್ಲೇಲಿ ಓದ್ತಿರ್ಬೇಕು. ಬೆಂಗಳೂರು ನಗರ ಜಿಲ್ಲೇದು ನಮ್ಮ ಕಡೆ ಬಾಗಲೂರಲ್ಲಿದೆ, ಗ್ರಾಮಾಂತರದ್ದು ದೊಡ್ಡಬಳ್ಳಾಪುರ. ಹುಡುಗಿಯರಿಗೆ ಮೂರರಲ್ಲಿ ಒಂದು ಪಾಲು ಸೀಟು, ತಿಂಗಳ ಫೀಸೂ ಮಾಫಿ. ಆದ್ರೆ ಅದು ಹುಡುಗ ಹುಡುಗಿ ಸೇರಿ ಓದೋ ಸ್ಕೂಲು, ಸಿಬಿಎಸ್‌ಇ. ಒಂದು ವರ್ಷ ಹೇಗೋ ತಳ್ಳಿದ್ರೆ ಪ್ರಯತ್ನ ಪಡ್ಬಹುದು, ಖಾಲಿ ಸೀಟು ಬೆರಳೆಣಿಕೆ ಮಾತ್ರ.

ಧಾರವಾಡ ಪೇಡೆ
ಹೌದ್ರಿ, ಏಳನೇತ್ತಾ ಅಂತ ಬರ್ದದ್ದು ನೋಡಲೇ ಇಲ್ಲ. ತಪ್ಪಾತು.

ಡಾಕ್ಟರ್ ಆಂಟಿ
ಯಾರೂ ಹೇಳದೇ ಇರೋ ವಿಷಯ ನಾನು ಹೇಳ್ತೀನಿ. ಹೇನು.

ನಗಬೇಡಿ. ಹಾಸ್ಟೆಲ್ ಹುಡುಗಿಯರು ರಜಕ್ಕೆ ಬಂದಾಗ ನನ್ನ ಕ್ಲಿನಿಕ್ಕಿಗೆ ಬರೋದೇ ಎರಡು ಕಾರಣಕ್ಕೆ, ತಲೇಲಿ ಹೇನು ಇಲ್ಲಾ ಬಿಳಚಿಕೊಂಡ ಮುಖ. ಹೇನಿಗೆ ಪರ್ಮೆಥ್ರಿನ್ ಒಂದು ಪರ್ಸೆಂಟ್ ಲೋಷನ್, ಏಳರಿಂದ ಹತ್ತು ದಿನ ಬಿಟ್ಟು ಇನ್ನೊಂದ್ಸಲ, ಜೊತೆಗೆ ಅಜ್ಜಿ ಕಾಲದ ಸೀರಣಿಗೆ. ಒಬ್ಳಿಗೆ ಹಚ್ಚಿ ಪಕ್ಕದ ಮಂಚದೋಳನ್ನ ಬಿಟ್ರೆ ದಂಡ, ರೂಮಿನಲ್ಲಿರೋರ ತಲೆ ಎಲ್ಲಾ ಒಂದೇ ದಿನ ನೋಡ್ಬೇಕು. ಅದನ್ನ ಅಲ್ಲಿ ಯಾರು ಮಾಡ್ತಾರೆ ಅಂತ ಕೇಳಿ.

ಬಿಳಚಿಕೊಳ್ಳೋದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೇಲಿ ದೇಶದಲ್ಲಿ 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ ನೂರಕ್ಕೆ 59 ಜನಕ್ಕೆ ಇದೆ ಅಂತ ಬಂದಿದೆ. ಸರ್ಕಾರಿ ಸ್ಕೂಲುಗಳಲ್ಲಿ ವಾರಕ್ಕೊಂದು ನೀಲಿ ಕಬ್ಬಿಣದ ಮಾತ್ರೆ ಕೊಡ್ತಾರಲ್ಲ, ಪ್ರೈವೇಟ್ ಹಾಸ್ಟೆಲ್ಲುಗಳಲ್ಲಿ ಎಷ್ಟೋ ಕಡೆ ಅದೂ ಇಲ್ಲ. ವರ್ಷಕ್ಕೊಂದ್ಸಲ ಹಿಮೋಗ್ಲೋಬಿನ್ ನೋಡ್ತೀರಾ ಅಂತ ಕೇಳಿ. ಮತ್ತೆ ಮಾತ್ರೆ ಊಟ ಆದ್ಮೇಲೆ ತಗೋಬೇಕು, ಕಾಫಿ ಟೀ ಜೊತೆ ನುಂಗಿದ್ರೆ ಮೈಗೆ ಹತ್ತಲ್ಲ. ಮಗಳಿಗೂ ಹೇಳಿ.

ಖಾರಾಬಾತ್
ಹಾಸ್ಟೆಲ್ ಉಪ್ಪಿಟ್ಟು ತಿಂದ್ರೆ ಯಾರಿಗಾದ್ರೂ ರಕ್ತ ಕಮ್ಮಿ ಆಗತ್ತೆ.

ಉಡುಪಿಯಿಂದ ಬಿಟಿಎಂಗೆ
ಉಪ್ಪಿಟ್ಟಿಗೆ ಏನಾಗಿದೆ ಮಾರಾಯ್ರೆ, ಸಜ್ಜಿಗೆ ಅವಲಕ್ಕಿ ಸೇರಿಸಿ ತಿಂದು ನೋಡಿ ಒಮ್ಮೆ.

ಹಳೇ ಹಾಸ್ಟೆಲ್ ಹುಡುಗಿ
ನಮ್ಮಲ್ಲಿ ಗುರುವಾರದ ಉಪ್ಪಿಟ್ಟು ತಟ್ಟೆ ತಿರುವಿ ಹಾಕಿದ್ರೂ ಬೀಳ್ತಿರ್ಲಿಲ್ಲ. ಪಂದ್ಯ ಕಟ್ಟಿ ನೋಡಿದ್ದೀವಿ.

ಬೋರ್‌ವೆಲ್ ಬಾಬು
ಉಪ್ಪಿಟ್ಟು ಬಿಡಿ, ನೀರು ಕೇಳಿದ್ರಾ? ನಾನು ಪ್ಲಂಬಿಂಗ್ ಕಾಂಟ್ರಾಕ್ಟ್ ಮಾಡೋನು, ಆ ಕಡೆ ಲೇಔಟುಗಳಲ್ಲಿ ಓಡಾಡಿದ್ದೀನಿ. ಹಾಸ್ಟೆಲ್ಲಿಗೆ ನಾವು ತಲೆಗೆ 135 ಲೀಟರ್ ಲೆಕ್ಕ ಹಿಡಿಯೋದು. 90 ಹುಡುಗಿಯರು ಅಂದ್ರೆ ದಿನಕ್ಕೆ 12 ಸಾವಿರ ಚಿಲ್ಲರೆ, ಒಂದು ದೊಡ್ಡ ಟ್ಯಾಂಕರ್. 2024ರ ಮಾರ್ಚಲ್ಲಿ ನೀರಿಗೆ ಹಾಹಾಕಾರ ಆದಾಗ ಜಿಲ್ಲಾಡಳಿತ 12 ಸಾವಿರ ಲೀಟರ್ ಟ್ಯಾಂಕರಿಗೆ ಐದು ಕಿಲೋಮೀಟರ್ ಒಳಗೆ ಸಾವಿರ ರೂಪಾಯಿ ಅಂತ ಫಿಕ್ಸ್ ಮಾಡಿತ್ತು, ಆ ರೇಟಿಗೇ ಹಾಕಿದ್ರೂ ತಿಂಗಳಿಗೆ 30 ಸಾವಿರ. ಬೋರ್ ಬತ್ತಿದ್ರೆ ಮ್ಯಾನೇಜ್‌ಮೆಂಟು ಮೊದ್ಲು ಕೈ ಹಾಕೋದು ಮಕ್ಕಳ ಬಕೆಟ್ಟಿಗೆ. ಹೆಣ್ಮಕ್ಕಳ ಹಾಸ್ಟೆಲ್ಲಲ್ಲಿ ನೀರಿಗೆ ರೇಷನ್ ಅಂದ್ರೆ ಏನರ್ಥ ಅಂತ ನಾನು ಬಿಡಿಸಿ ಹೇಳ್ಬೇಕಾಗಿಲ್ಲ. ಬೋರ್ ಎಷ್ಟಿದೆ, ಸಂಪು ಎಷ್ಟು ಲೀಟರಿಂದು, ಹೋದ ಏಪ್ರಿಲಲ್ಲಿ ಏನ್ ಮಾಡಿದ್ರಿ ಅಂತ ಕೇಳಿ. ಪ್ರಿನ್ಸಿಪಾಲ್‌ನ ಅಲ್ಲ, ಪಂಪ್ ಹಾಕೋ ಹುಡುಗನ್ನ.

ಲೆಕ್ಕದ ಪುಸ್ತಕ
ಒಂದು ಸಣ್ಣ ವಿಷಯ. ರಸೀದೀಲಿ ಟ್ಯೂಷನ್ ಫೀಸು, ಹಾಸ್ಟೆಲ್ ಫೀಸು ಬೇರೆ ಬೇರೆ ಬರ್ಸಿಕೊಳ್ಳಿ. ಹಳೇ ರಿಜೀಮಲ್ಲಿ ಇನ್‌ಕಂ ಟ್ಯಾಕ್ಸ್ ಕಟ್ಟೋರಾದ್ರೆ ಟ್ಯೂಷನ್ ಫೀಸಿಗೆ ಮಾತ್ರ ವಿನಾಯಿತಿ, ಊಟ ವಸತಿಗೆ ಇಲ್ಲ. ಒಟ್ಟು ಮೊತ್ತ ಒಂದೇ ಸಾಲಲ್ಲಿ ಬರ್ದು ಕೊಟ್ರೆ ಆಮೇಲೆ ಪೇಚಾಡ್ಬೇಕಾಗತ್ತೆ.

ಸೌತ್ ಎಂಡ್ ಸರ್ಕಲ್
ಎಲ್ಲಾ ಓದ್ದೆ. ನಂದು ಒಂದೇ ಮಾತು, ಹೆಣ್ಮಕ್ಕಳಿಗೆ ಮನೆಗಿಂತ ಸೇಫ್ ಜಾಗ ಇಲ್ಲ. ಈ ಬೋರ್ಡಿಂಗ್ ಎಲ್ಲಾ ಇತ್ತೀಚಿನ ಶೋಕಿ.

ಡಾಕ್ಟರ್ ಆಂಟಿ
ಇತ್ತೀಚಿನದ್ದಾ? ರಿಚ್ಮಂಡ್ ಟೌನಿನ ಬಾಲ್ಡ್‌ವಿನ್ ಗರ್ಲ್ಸ್ ಶುರುವಾಗಿದ್ದೇ 1880ರಲ್ಲಿ ಸಾರ್. ಹೆಣ್ಮಕ್ಕಳು ಮನೆ ಬಿಟ್ಟು ಓದೋದು ಈ ಊರಿಗೆ ಹೊಸದೇನಲ್ಲ. ಇನ್ನು ಮನೇನೇ ಸೇಫ್ ಅನ್ನೋದು, ನನ್ನ ಕ್ಲಿನಿಕ್ಕಲ್ಲಿ ಒಂದು ವಾರ ಕೂತ್ಕೊಳ್ಳಿ, ಆಮೇಲೆ ಮಾತಾಡೋಣ.

ಸೌತ್ ಎಂಡ್ ಸರ್ಕಲ್
ನೀವು ಎಲ್ಲಾನೂ ಉಲ್ಟಾ ತಗೋತೀರ ಮೇಡಂ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಸ್ಕೂಲಿನೋರು ಮುಚ್ಚಿ ಹಾಕ್ತಾರೆ, ಅದನ್ನ ಹೇಳ್ತಿರೋದು ನಾನು.

ಕರಿಕೋಟು
ಈ ಒಂದು ವಿಷಯದಲ್ಲಿ ಸರ್ಕಲ್ ಅವ್ರ ಭಯ ಸರಿ ಇದೆ. ಅದಕ್ಕೇ ಕಾನೂನು ಇರೋದು. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯೋ 2012ರ ಪೋಕ್ಸೋ ಕಾಯ್ದೆಯಲ್ಲಿ ಗೊತ್ತಾದ ವಿಷಯ ಪೊಲೀಸರಿಗೆ ತಿಳಿಸದೇ ಇರೋದೇ ಅಪರಾಧ, ಸಿಬ್ಬಂದಿ ಮಾಡಿದ್ದನ್ನ ಸಂಸ್ಥೆ ನಡೆಸೋರು ಮುಚ್ಚಿಟ್ರೆ ಒಂದು ವರ್ಷದವರೆಗೆ ಜೈಲು. ಅಡುಗೆಯೋರು, ಡ್ರೈವರು, ವಾಚ್‌ಮನ್ ಎಲ್ರಿಗೂ ಪೊಲೀಸ್ ವೆರಿಫಿಕೇಷನ್ ಆಗಿದ್ಯಾ ಕೇಳಿ. ಮಕ್ಕಳ ಸಹಾಯವಾಣಿ 1098 ನಂಬರ್ ಎಲ್ಲಿ ಬರ್ದಿದ್ದಾರೆ ನೋಡಿ. ಪ್ರಿನ್ಸಿಪಾಲ್ ರೂಮಿನ ಗೋಡೆ ಮೇಲೆ ಇದ್ರೆ ಪ್ರಯೋಜನ ಇಲ್ಲ, ಮಕ್ಕಳು ಮಲಗೋ ಕಡೆ ಇರ್ಬೇಕು, ಕೈಗೆ ಸಿಗೋ ಹಾಗೆ ಒಂದು ಫೋನೂ ಇರ್ಬೇಕು.

ಪದ್ಮನಾಭನಗರ 2ನೇ ಕ್ರಾಸ್
ಹಾಸ್ಟೆಲ್ ಹುಡುಗಿ ಅವ್ರೆ, ದಾಸವಾಳ ಕೇಳಿದ್ರಲ್ಲ, ಅವತ್ತು ಏನಾಗಿತ್ತು ಅಂತ ಹೇಳಲೇ ಇಲ್ಲ. ಹೇಳಕ್ಕಾಗದೇ ಇದ್ರೆ ಬೇಡ.

ಹಳೇ ಹಾಸ್ಟೆಲ್ ಹುಡುಗಿ
ಈಗ ಹೇಳಿದ್ರೆ ಇಷ್ಟೇನಾ ಅನ್ಸತ್ತೆ. ರಾತ್ರಿ ಮೊದಲ್ನೇ ಸಲ ಮುಟ್ಟಾಗಿ ಹಾಸಿಗೆ ಕಲೆ ಆಗಿತ್ತು. ಬೆಳಗ್ಗೆ ಮೇಟ್ರನ್ ಆ ಬೆಡ್‌ಶೀಟ್‌ನ ಎಲ್ರೂ ಹಲ್ಲುಜ್ಜೋ ನಲ್ಲಿ ಹತ್ರ ತಂದು ಹಾಕಿ ಇಲ್ಲೇ ಒಗಿ ಅಂದ್ರು. ಹೊಡೀಲಿಲ್ಲ, ಬೈಲೂ ಇಲ್ಲ. ಒಗೀತಾ ಇದ್ದೆ, ಉಳಿದೋರು ನನ್ನ ತಲೆ ಮೇಲಿಂದ ಕೈ ಚಾಚಿ ನೀರು ಹಿಡ್ಕೋತಾ ಇದ್ರು.

ಅಮ್ಮ ಬಂದು ಜಗಳ ಆಡ್ಲಿಲ್ಲ. ಆ ಮೇಟ್ರನ್‌ನ ಪಕ್ಕಕ್ಕೆ ಕರ್ಕೊಂಡು ಹೋಗಿ ಏನೋ ಮಾತಾಡಿದ್ರು, ಏನು ಅಂತ ಇವತ್ತಿಗೂ ನಂಗೆ ಹೇಳಿಲ್ಲ. ನಾನು ಅಲ್ಲೇ ಉಳ್ಕೊಂಡು ಹತ್ತನೇ ಕ್ಲಾಸ್ ಮುಗಿಸ್ದೆ.

ಮಾಜಿ ವಾರ್ಡನ್
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ, ಈಗ ಬರೀಲೇಬೇಕು ಅನ್ನಿಸ್ತು. ಎರಡು ಕಡೆ ಸೇರಿ ಹನ್ನೊಂದು ವರ್ಷ ವಾರ್ಡನ್ ಆಗಿದ್ದೆ. ಸೊಪ್ಪು ಬಿಡಿಸ್ತಾ ಕಿವಿ ಕೊಡೋರ ಗುಂಪಿನೋಳೇ ನಾನು, ಬೈಯ್ಯಿರಿ ಪರವಾಗಿಲ್ಲ.

ರಾಜಾಜಿನಗರದ ತಾಯಿ, ನೀವು ಭಾನುವಾರ ಹೋಗಿದ್ದು ತಪ್ಪು. ಭಾನುವಾರ ಎಲ್ಲಾ ಸ್ಕೂಲೂ ಮದುವೆ ಮನೇನೇ. ವಾರದ ಮಧ್ಯೆ, ರಾತ್ರಿ ಏಳೂವರೆ ಎಂಟಕ್ಕೆ, ಹೇಳ್ದೇ ಹೋಗಿ. ಹಗಲಲ್ಲಿ ಟೀಚರ್‌ಗಳು ಇರ್ತಾರೆ, ಆಫೀಸಿನೋರು ಇರ್ತಾರೆ. ರಾತ್ರಿ ಉಳಿಯೋದು ಒಬ್ಳು ವಾರ್ಡನ್, ಒಬ್ಬ ವಾಚ್‌ಮನ್. ನೀವು ಮಗಳನ್ನ ಒಪ್ಪಿಸ್ತಿರೋದು ಆ ವಾರ್ಡನ್ ಕೈಗೇ ಹೊರತು ಕಾಫಿ ಕೊಟ್ಟ ಪ್ರಿನ್ಸಿಪಾಲ್ ಕೈಗಲ್ಲ. ಅವಳಿಗೆ ವಾರದ ರಜ ಇದ್ಯಾ, ರಜದ ದಿನ ಯಾರು ಬರ್ತಾರೆ, ಎಷ್ಟು ವರ್ಷದಿಂದ ಇದ್ದಾಳೆ ಕೇಳಿ. ವರ್ಷಕ್ಕೊಬ್ಬ ವಾರ್ಡನ್ ಬದಲಾಗೋ ಕಡೆ ಸೇರಿಸ್ಬೇಡಿ. ನನ್ನನ್ನೇ ತಗೊಳ್ಳಿ, ಮೊದಲ್ನೇ ಕಡೆ ತಿಂಗಳಿಗೆ ಎರಡು ದಿನ ರಜ ಕೊಡ್ತಿದ್ರು. ಅಷ್ಟು ಸುಸ್ತಾದೋರಿಗೆ ಮಕ್ಕಳ ಮೇಲೆ ಪ್ರೀತಿ ಎಲ್ಲಿಂದ ಬರ್ಬೇಕು.

ಇನ್ನೊಂದೇ ಪ್ರಶ್ನೆ. ರಾತ್ರಿ ಗ್ರಿಲ್ಲಿಗೆ ಬೀಗ ಹಾಕ್ತಾರಲ್ಲ, ಆ ಕೀ ಯಾರ ಹತ್ರ ಇರತ್ತೆ? ನಾನಿದ್ದ ಕಡೆ ಗೇಟಿನ ವಾಚ್‌ಮನ್ ಹತ್ರ. ಒಂದು ರಾತ್ರಿ ಒಂದು ಮಗೂಗೆ ಉಬ್ಬಸ ಜೋರಾಯ್ತು. ಅವನು ನಿದ್ದೆ ಹೊಡೀತಿದ್ದ. ನಾನು ಗ್ರಿಲ್ಲಿಗೆ ಸ್ಟೀಲ್ ತಟ್ಟೆ ಬಡೀತಾ ಕೂಗಿದ್ದೀನಿ, ಅವನು ಬರೋಷ್ಟ್ರಲ್ಲಿ ಇಪ್ಪತ್ತೈದು ನಿಮಿಷ. ಮಗು ಉಳೀತು. ಮಾರನೇ ದಿನ ಪೇಟೆಗೆ ಹೋಗಿ ಇನ್ನೊಂದು ಕೀ ಮಾಡಿಸ್ಕೊಂಡು ಬಂದು ಪಿನ್ ಹಾಕಿ ತಾಳಿ ಸರಕ್ಕೆ ಸಿಕ್ಕಿಸ್ಕೊಂಡೆ. ಮ್ಯಾನೇಜ್‌ಮೆಂಟಿಗೆ ಗೊತ್ತಾಗಿ, ಹುಡುಗಿಯರನ್ನ ಹೊರಗೆ ಬಿಡಕ್ಕಾ ಅಂತ ಕೇಳಿದ್ರು. ಅದಾದ ಎರಡು ತಿಂಗಳಿಗೆ ಕೆಲಸ ಬಿಟ್ಟೆ.

ಬೋರ್‌ವೆಲ್ ಬಾಬು
ಮೈ ಜುಮ್ ಅಂತು ಅಕ್ಕ. ತಮಿಳುನಾಡಿನ ಕುಂಭಕೋಣಂ ನೆನಪಾಯ್ತು, 2004ರಲ್ಲಿ ಅಲ್ಲಿ ಒಂದು ಸ್ಕೂಲಿಗೆ ಬೆಂಕಿ ಬಿದ್ದು 94 ಮಕ್ಕಳು ಹೋದ್ರು, ಇಕ್ಕಟ್ಟಿನ ಮೆಟ್ಲಲ್ಲಿ ಇಳಿಯಕ್ಕಾಗದೇ. ಎರಡಂತಸ್ತು ಅಂದ್ರಲ್ಲ ಅಮ್ಮ, ಎರಡನೇ ಮೆಟ್ಲಿದ್ಯಾ ನೋಡಿ.

ಖಾರಾಬಾತ್
ನಾನು ಬೇಡ ಅಂದಾಗ ಎಲ್ರೂ ಬೈದ್ರಿ.

ರಾಜಾಜಿನಗರ ಅಮ್ಮ
ಎಲ್ರಿಗೂ ಥ್ಯಾಂಕ್ಸ್. ಬುಧವಾರ ರಜ ಹಾಕಿ ಒಬ್ಳೇ ಹೋಗಿದ್ದೆ. ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ ಮೆಟ್ರೋ, ಅಲ್ಲಿಂದ ಬಸ್ಸು, ಆಮೇಲೆ ಆಟೋದೋನು ಕತ್ತಲೇಲಿ ಆ ರೋಡಿಗೆ ಬರಲ್ಲ ಅಂತ ಹಠ. ಗೇಟಲ್ಲಿ ಇಪ್ಪತ್ತು ನಿಮಿಷ ಕಾಯಿಸಿದ್ರು, ಫೋನ್ ಮಾಡಿ ಕೇಳಿ ಒಳಗೆ ಬಿಟ್ರು.

ಸ್ಟಡಿ ಅವರ್ ನಡೀತಿತ್ತು. ನನ್ನ ನೋಡಿ ಯಾರೂ ದಡಬಡ ಎದ್ದು ನಿಲ್ಲಲಿಲ್ಲ, ಅದು ಇಷ್ಟ ಆಯ್ತು. ಮೂಲೇಲಿ ಇಬ್ರು ಹುಡುಗಿಯರು ಒಂದೇ ಪುಸ್ತಕ ಅಡ್ಡ ಇಟ್ಕೊಂಡು ಕಿಸಿಕಿಸಿ ನಗ್ತಿದ್ರು, ಒಬ್ಳು ಡೆಸ್ಕ್ ಮೇಲೆ ತಲೆ ಇಟ್ಟು ನಿದ್ದೆ. ವಾರ್ಡನ್ ಐವತ್ತರ ಹತ್ರ, ಆರು ವರ್ಷದಿಂದ ಇದ್ದಾರಂತೆ, ಭಾನುವಾರ ಮಧ್ಯಾಹ್ನದಿಂದ ಸೋಮವಾರ ಬೆಳಗ್ಗೆವರೆಗೆ ರಜ, ಅವಾಗ ಪಿಟಿ ಟೀಚರ್ ಮಲಗ್ತಾರೆ. ಕೀ ಕೇಳ್ದೆ. ನಕ್ಕು ಸೊಂಟದಿಂದ ಗೊಂಚಲು ತೆಗ್ದು ತೋರ್ಸಿದ್ರು, 'ಇನ್ನೊಂದು ಹತ್ತನೇ ಕ್ಲಾಸಿನ ಲೀಡರ್ ಹತ್ರ' ಅಂದ್ರು. 1098 ಬಾತ್ರೂಮಿಗೆ ಹೋಗೋ ದಾರೀಲಿ ಪೇಂಟಲ್ಲಿ ಬರ್ದಿದೆ, ಆದ್ರೆ ಫೋನ್ ಇರೋದು ಆಫೀಸಲ್ಲೇ. ಎರಡನೇ ಮೆಟ್ಲಿದೆ ಬಾಬು ಅವ್ರೆ, ಆದ್ರೆ ಅದ್ರ ತುಂಬಾ ಹಳೇ ಮಂಚ ಜೋಡ್ಸಿಟ್ಟಿದ್ದಾರೆ! ಅದನ್ನ ತೆಗೆಸಿ ಫೋಟೋ ಕಳಿಸಿ, ಆಮೇಲೇ ಅಡ್ವಾನ್ಸ್ ಕಟ್ತೀನಿ ಅಂತ ಹೇಳಿ ಬಂದೆ.

ಮೇಷ್ಟ್ರೇ, ಹಾಲ್ ಟಿಕೆಟ್ ಅದೇ ಸ್ಕೂಲಿನ ಹೆಸರಲ್ಲೇ ಇದೆ. ಹತ್ತನೇ ಕ್ಲಾಸಲ್ಲಿ ಈಗ 27, ಹೋದ ವರ್ಷ ಒಂಬತ್ತರಲ್ಲಿ ಎಷ್ಟಿದ್ರು ಅಂದ್ರೆ 33. ಆರು ಜನ ಎಲ್ಲಿ ಅಂದಿದ್ದಕ್ಕೆ 'ಪೇರೆಂಟ್ಸೇ ಕರ್ಕೊಂಡು ಹೋದ್ರು' ಅಂದ್ರು.

ರಿಟೈರ್ಡ್ ಮೇಷ್ಟ್ರು
ಮಗು ಗಣಿತದಲ್ಲಿ ಹೇಗೆ?

ರಾಜಾಜಿನಗರ ಅಮ್ಮ
ಸುಮಾರು ಸಾರ್. ಅದೇ ಈಗ ತಲೇಲಿ ಕೊರೀತಿದೆ. ಇಂಥ ಕಾರಣಕ್ಕೆ ಟಿಸಿ ಕೊಡಲ್ಲ ಅಂತ ಬರ್ದು ಕೊಡಿ ಅಂತ ಕೇಳಿದ್ದೀನಿ, ಇನ್ನೂ ಉತ್ತರ ಬಂದಿಲ್ಲ. ಇವಳು ಆಗ್ಲೇ ಅಟ್ಟದಿಂದ ಅತ್ತೆ ಕಾಲದ ತಗಡಿನ ಟ್ರಂಕ್ ಇಳಿಸಿ ಒರೆಸ್ತಾ ಕೂತಿದ್ದಾಳೆ. ದಾಸವಾಳದ ಕಥೆ ಓದಿ ಹೇಳ್ದೆ, ಒಂದು ಗಂಟೆ ಯೋಚ್ನೆ ಮಾಡಿ ತಾನೇ ಒಂದು ಕೋಡ್ ಮಾಡ್ಕೊಂಡಿದ್ದಾಳೆ. ನಾನು ಮರೀಬಾರ್ದು ಅಂತ ದಿನಾ ರಾತ್ರಿ ಕೇಳಿ ಕೇಳಿ ಪರೀಕ್ಷೆ ಬೇರೆ.

ಹಳೇ ಹಾಸ್ಟೆಲ್ ಹುಡುಗಿ
ಅಕ್ಕ, ಅದೇನು ಅಂತ ಮಾತ್ರ ಇಲ್ಲಿ ಬರೀಬೇಡಿ. ವಾರ್ಡನ್‌ಗಳೂ ಓದ್ತಿರ್ತಾರೆ.

ಮಾಜಿ ವಾರ್ಡನ್
ಓದ್ತಾ ಇದ್ದೀನಿ.